ಅಮೆರಿಕದ ರೆಸಿಡೆನ್ಸಿಗೆ ಅರ್ಜಿ: ಭಾರತದಲ್ಲಿ ಓದಿದ ವೈದ್ಯರು ಮಾಡಿಕೊಳ್ಳಬೇಕಾದ ಸಿದ್ಧತೆ

ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿ, ಮಾಡಬೇಕೆಂದು ನಿಶ್ಚಯಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲು ಕೇಳುವುದು ಯಾವ ಪುಸ್ತಕ ಓದಬೇಕು, ಯಾವ ಪ್ರಶ್ನೆಭಂಡಾರ ಕೊಳ್ಳಬೇಕು ಎಂದು. ಪುಸ್ತಕದ ಮಾತು ಆಮೇಲಾಗಲಿ, ಮೊದಲು ಪಾಸ್‌ಪೋರ್ಟ್ ತೆಗೆದು ಅದರಲ್ಲಿ ನಿಮ್ಮ ಹೆಸರು ಹೇಗೆ ಅಚ್ಚಾಗಿದೆ ನೋಡಿ ಎಂಬುದು ನನ್ನ ಸಲಹೆ. ಊರಿನದೊಂದು, ತಂದೆಯದೊಂದು ಇನಿಷಿಯಲ್ ಸೇರಿಸಿ ಹೆಸರು ಬರೆಯುವುದು ನಮ್ಮಲ್ಲಿ ವಾಡಿಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಎನ್.’ ಎಂದಿದ್ದದ್ದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಪತ್ರಕ್ಕೂ ಹಾಗೆಯೇ ಇಳಿದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಮಾತ್ರ ಇನಿಷಿಯಲ್‌ಗಳು ಬಿಡಿಸಿಕೊಂಡು ‘ಹೊಸಹಳ್ಳಿ ನಾಗರಾಜ ಮಂಜುನಾಥ’ ಆಗಿರುತ್ತದೆ, ಇಲ್ಲವೇ ಒಂದೇ ಹೆಸರಿದ್ದು ಇನ್ನೊಂದು ಜಾಗ ಖಾಲಿ ಉಳಿದಿರುತ್ತದೆ. ಹೀಗೆ ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರ ಅಮೆರಿಕ ವೀಸಾದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂಬ ಮೂರಕ್ಷರ ಬೀಳುತ್ತದೆ. ಪಾಸ್‌ಪೋರ್ಟಿನಲ್ಲಿ ಹೆಸರು ತಿದ್ದಿಸಬೇಕಾಗಿದ್ದರೆ ಇಸಿಎಫ್‌ಎಂಜಿಯಲ್ಲಿ ನೋಂದಾಯಿಸಿಕೊಳ್ಳುವ ಮುಂಚೆಯೇ ತಿದ್ದಿಸಿ, ಆ ಬಳಿಕ ಪ್ರತಿಯೊಂದು ನಮೂನೆಯಲ್ಲೂ ಅಕ್ಷರಕ್ಕೆ ಅಕ್ಷರ ಅದೇ ಹೆಸರನ್ನು ಬರೆಯಬೇಕು. ಪರೀಕ್ಷೆಯ ದಿನ ಪ್ರೊಮೆಟ್ರಿಕ್ ಕೇಂದ್ರದಲ್ಲಿ ಅನುಮತಿ ಪತ್ರದ ಹೆಸರು ಗುರುತಿನ ದಾಖಲೆಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ.

ಇಸಿಎಫ್‌ಎಂಜಿ ಎಂಬುದು ವಿದೇಶದಲ್ಲಿ ಓದಿದ ವೈದ್ಯರ ಅರ್ಹತೆಯನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆ; ಈಗ ಅದು ಇಂಟೆಲ್ತ್ (Intealth) ಎಂಬ ಮಾತೃಸಂಸ್ಥೆಯ ಅಡಿಯಲ್ಲಿದೆ. ಈ ಪ್ರಮಾಣಪತ್ರವಿಲ್ಲದೆ ರೆಸಿಡೆನ್ಸಿಗೆ ಸೇರಲಾಗದು. ಅದು ಸಿಗಬೇಕಾದರೆ ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಸ್ಟೆಪ್ 1 ಮತ್ತು ಸ್ಟೆಪ್ 2 ಸಿಕೆ (ಕ್ಲಿನಿಕಲ್ ಜ್ಞಾನದ ಪರೀಕ್ಷೆ) ಪಾಸಾಗಬೇಕು, ವೈದ್ಯರಿಗೆಂದೇ ಇರುವ ಒಇಟಿ ಇಂಗ್ಲಿಷ್ ಪರೀಕ್ಷೆ ಬರೆದಿರಬೇಕು, ರೋಗಿಯನ್ನು ಪರೀಕ್ಷಿಸುವ ಕೌಶಲಕ್ಕೆ ‘ಪಾಥ್‌ವೇ’ ಎಂಬ ನಿಗದಿತ ಮಾರ್ಗಗಳಲ್ಲೊಂದರ ಮೂಲಕ ಸಾಕ್ಷ್ಯ ಒದಗಿಸಬೇಕು, ಪದವಿ ಮತ್ತು ಅಂಕಪಟ್ಟಿಗಳನ್ನು ನಿಮ್ಮ ಕಾಲೇಜೇ ನೇರವಾಗಿ ದೃಢಪಡಿಸಬೇಕು. ಹಿಂದೆ ಈ ಕೌಶಲವನ್ನು ಅಳೆಯಲು ಸ್ಟೆಪ್ 2 ಸಿಎಸ್ ಎಂಬ ಪರೀಕ್ಷೆ ಇತ್ತು, ಅದಕ್ಕಾಗಿಯೇ ಅಮೆರಿಕಕ್ಕೆ ಹಾರಬೇಕಿತ್ತು. ಕೋವಿಡ್ ಕಾಲದಲ್ಲಿ ನಿಂತ ಅದನ್ನು 2021ರ ಜನವರಿಯಲ್ಲಿ ಪೂರ್ತಿ ಕೈಬಿಟ್ಟರು. ಕಾಲೇಜಿನ ಮಾನ್ಯತೆಯ ವಿಷಯದಲ್ಲಿ ಆತಂಕ ಬೇಡ: ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟವು 2023ರಲ್ಲಿ ಹತ್ತು ವರ್ಷಗಳ ಮನ್ನಣೆ ನೀಡಿದೆ. ಆದರೂ ವಿಶ್ವ ವೈದ್ಯಕೀಯ ಶಾಲೆಗಳ ಕೋಶದಲ್ಲಿ ನಿಮ್ಮ ಕಾಲೇಜಿನ ಹೆಸರನ್ನು ಹುಡುಕಿ, ಅದರ ಕೆಳಗೆ ಇಸಿಎಫ್‌ಎಂಜಿಯ ಟಿಪ್ಪಣಿ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು. ಹೊಸದಾಗಿ ತೆರೆದ ಕಾಲೇಜುಗಳವರಂತೂ ತಪ್ಪದೆ ನೋಡಬೇಕು.

ಇನ್ನು ಕಾಲದ ಲೆಕ್ಕ. ಇದನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು. 2028ರ ಜುಲೈನಲ್ಲಿ ಕೆಲಸಕ್ಕೆ ಸೇರಬೇಕೆಂದಿದ್ದರೆ ಅಭ್ಯರ್ಥಿಗಳ ಮತ್ತು ಆಸ್ಪತ್ರೆಗಳ ಆದ್ಯತೆಗಳನ್ನು ಹೊಂದಿಸಿ ಜಾಗ ಹಂಚುವ ‘ಮ್ಯಾಚ್’ನ ಫಲಿತಾಂಶ ಬರುವುದು ಅದೇ ವರ್ಷದ ಮಾರ್ಚ್ ಮೂರನೆಯ ವಾರ. ಸಂದರ್ಶನಗಳು ನಡೆಯುವುದು 2027ರ ಅಕ್ಟೋಬರ್‌ನಿಂದ 2028ರ ಜನವರಿಯವರೆಗೆ. ಇರಾಸ್ ಎಂಬ ಕೇಂದ್ರೀಯ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಬೇಕಾದದ್ದು 2027ರ ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಎಲ್ಲ ಪ್ರೋಗ್ರಾಂಗಳಿಗೂ, ಅಂದರೆ ರೆಸಿಡೆನ್ಸಿ ನಡೆಸುವ ಆಸ್ಪತ್ರೆ ವಿಭಾಗಗಳಿಗೂ, ಒಂದೇ ದಿನ ಅರ್ಜಿಗಳು ಕಾಣಿಸುತ್ತವೆ, ಆ ದಿನ ನಿಮ್ಮ ಸ್ಟೆಪ್ 2 ಸಿಕೆ ಅಂಕ ಅಲ್ಲಿರಲೇಬೇಕು. ಫಲಿತಾಂಶ ಬರಲು ಎರಡರಿಂದ ನಾಲ್ಕು ವಾರ ಹಿಡಿಯುವುದರಿಂದ ಆ ಪರೀಕ್ಷೆಯನ್ನು ಜೂನ್ ಅಥವಾ ಜುಲೈ ಒಳಗೆ ಮುಗಿಸಬೇಕು. ‘ಆಗಸ್ಟ್ ಕೊನೆಗೆ ಬರೆದರೂ ನಡೆಯುತ್ತದೆ’ ಎನ್ನುವವರ ಮಾತು ಅಂಕ ಚೆನ್ನಾಗಿ ಬಂದವರಿಗೆ ಮಾತ್ರ ನಿಜ.

ಸ್ಟೆಪ್ 1 ಈಗ ಪಾಸು ಅಥವಾ ಫೇಲು ಮಾತ್ರ. 2022ರ ಜನವರಿಯಿಂದ ಅದಕ್ಕೆ ಅಂಕವಿಲ್ಲ. ಹೀಗಾಗಿ ಅಭ್ಯರ್ಥಿಗಳನ್ನು ಸೋಸುವ ಜರಡಿಯೆಲ್ಲ ಸ್ಟೆಪ್ 2 ಸಿಕೆಗೆ ವರ್ಗವಾಗಿದೆ. ಅದರ ಪಾಸಿನ ಗೆರೆ 2025ರ ಜುಲೈನಿಂದ 218. ಗೆರೆ ದಾಟಿದರೆ ಪಾಸಾಗಬಹುದು, ಸಂದರ್ಶನದ ಕರೆ ಬಾರದು. ಒಮ್ಮೆ ಪಾಸಾದ ಪರೀಕ್ಷೆಯನ್ನು ಅಂಕ ಹೆಚ್ಚಿಸಿಕೊಳ್ಳಲೆಂದು ಮತ್ತೆ ಬರೆಯಲು ಅವಕಾಶವೇ ಇಲ್ಲ ಎಂಬುದನ್ನು ಇಲ್ಲಿನ ವಿದ್ಯಾರ್ಥಿಗಳು ಬಹಳ ತಡವಾಗಿ ತಿಳಿಯುತ್ತಾರೆ. ಆದ್ದರಿಂದ ಅಭ್ಯಾಸ ಪರೀಕ್ಷೆಗಳಲ್ಲಿ ನಿಮಗೆ ಬೇಕಾದ ಅಂಕ ಸತತವಾಗಿ ಬರುವವರೆಗೆ ದಿನಾಂಕವನ್ನು ಮುಂದೂಡುವುದೇ ಜಾಣತನ. ಒಂದೊಂದು ಸ್ಟೆಪ್‌ಗೆ ನಾಲ್ಕೇ ಪ್ರಯತ್ನಗಳು, ಅವೆಲ್ಲವೂ ದಾಖಲೆಯಲ್ಲಿ ಕಾಣುತ್ತವೆ. ಎಲ್ಲ ಪರೀಕ್ಷೆಗಳೂ ಏಳು ವರ್ಷದೊಳಗೆ ಮುಗಿದಿರಬೇಕು. ಪರೀಕ್ಷೆ ಬರೆದವರು ನೆನಪಿನಿಂದ ಹೇಳಿದವೆಂದು ‘ರೀಕಾಲ್’ ಎಂಬ ಹೆಸರಿನಲ್ಲಿ ಟೆಲಿಗ್ರಾಂ ಗುಂಪುಗಳಲ್ಲಿ ಮಾರಾಟವಾಗುವ ಪ್ರಶ್ನೆಗಳತ್ತ ತಿರುಗಿಯೂ ನೋಡಬೇಡಿ. ಪ್ರಶ್ನೆಗಳು ಮೊದಲೇ ಕೈಸೇರಿದ್ದವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ನೇಪಾಳಕ್ಕೆ ಸಂಬಂಧಿಸಿದ ನೂರಾರು ಅಭ್ಯರ್ಥಿಗಳ ಅಂಕಗಳನ್ನು ಯುಎಸ್‌ಎಂಎಲ್‌ಇ ಆಡಳಿತ ಅಸಿಂಧುಗೊಳಿಸಿತು.

ಅಂಕದಷ್ಟೇ ತೂಕ ಅಮೆರಿಕದ ಆಸ್ಪತ್ರೆಯಲ್ಲಿ ಕಳೆದ ವಾರಗಳಿಗೂ ಇದೆ, ಏಕೆಂದರೆ ಅಲ್ಲಿಂದಲೇ ಶಿಫಾರಸು ಪತ್ರಗಳು ಬರಬೇಕು. ಇಲ್ಲಿ ಒಂದು ಬಾಗಿಲು ಬೇಗ ಮುಚ್ಚಿಕೊಳ್ಳುತ್ತದೆ. ರೋಗಿಯ ಇತಿಹಾಸ ಕೇಳಿ, ಮುಟ್ಟಿ ಪರೀಕ್ಷಿಸಿ, ಟಿಪ್ಪಣಿ ಬರೆಯಲು ಬಿಡುವ ಎಲೆಕ್ಟಿವ್ ಸಿಗುವುದು ಸಾಮಾನ್ಯವಾಗಿ ಇನ್ನೂ ವಿದ್ಯಾರ್ಥಿಯಾಗಿರುವವರಿಗೆ. ಪದವಿ ಕೈಗೆ ಬಂದ ಮೇಲೆ ಬಹುಮಟ್ಟಿಗೆ ಉಳಿಯುವುದು ಪಕ್ಕದಲ್ಲಿ ನಿಂತು ನೋಡುವ ಅಬ್ಸರ್ವರ್‌ಶಿಪ್ ಮಾತ್ರ. ಆದುದರಿಂದ ಮೂರನೆಯ ವರ್ಷದಲ್ಲೇ ಕಾಲೇಜಿನ ಡೀನ್ ಕಚೇರಿಯಲ್ಲಿ ವಿಚಾರಿಸಿ, ಅಂತಿಮ ವರ್ಷದಲ್ಲಿ ಎಲೆಕ್ಟಿವ್‌ಗೆ ರಜೆ ಮತ್ತು ಒಪ್ಪಿಗೆ ಪತ್ರ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಣ ಪಡೆದು ಅಬ್ಸರ್ವರ್‌ಶಿಪ್ ಕೊಡಿಸುವ ಮಧ್ಯವರ್ತಿಗಳು ಬೆಂಗಳೂರಿನಲ್ಲೂ ಇದ್ದಾರೆ. ಹಣ ಕೊಡುವ ಮುಂಚೆ ಅದು ರೆಸಿಡೆಂಟರು ಇರುವ ಆಸ್ಪತ್ರೆಯೋ ಒಬ್ಬರೇ ವೈದ್ಯರ ಕ್ಲಿನಿಕ್ಕೋ ಎಂದು ಕೇಳಿ. ಎರಡರಿಂದ ಬರುವ ಪತ್ರಕ್ಕೂ ಒಂದೇ ಬೆಲೆ ಇರುವುದಿಲ್ಲ.

ಒಂದು ಪ್ರೋಗ್ರಾಂಗೆ ಹೆಚ್ಚೆಂದರೆ ನಾಲ್ಕು ಪತ್ರ ಲಗತ್ತಿಸಬಹುದು. ಬರೆದವರೇ ಅವನ್ನು ನೇರವಾಗಿ ಏರಿಸುತ್ತಾರೆ. ಓದುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಅಭ್ಯರ್ಥಿ ಗುರುತು ಹಾಕುವುದು ರೂಢಿ, ಹಾಕದಿದ್ದರೆ ಪತ್ರದ ಮೇಲಿನ ನಂಬಿಕೆ ಇಳಿಯುತ್ತದೆ. ನಮ್ಮ ಪ್ರಾಧ್ಯಾಪಕರ ಪತ್ರಗಳ ತೊಂದರೆ ಅವರ ಔದಾರ್ಯದಲ್ಲೇ ಇದೆ. ‘ಈತ ಶ್ರಮಜೀವಿ, ವಿನಯವಂತ, ಸಚ್ಚಾರಿತ್ರ್ಯವುಳ್ಳವನು, ಇವನಿಗೆ ಉಜ್ವಲ ಭವಿಷ್ಯ ಹಾರೈಸುತ್ತೇನೆ’ ಎಂಬ ನಾಲ್ಕು ಸಾಲು ಯಾರಿಗೆ ಬೇಕಾದರೂ ಹೊಂದುತ್ತದೆ, ಹಾಗಾಗಿ ಯಾರನ್ನೂ ತೋರಿಸುವುದಿಲ್ಲ. ಅದರ ಬದಲು ‘ರಾತ್ರಿ ಎರಡು ಗಂಟೆಗೆ ಕೀಟೋಅಸಿಡೋಸಿಸ್ ಆಗಿ ಬಂದ ರೋಗಿಗೆ ಇನ್ಸುಲಿನ್ ಶುರು ಮಾಡುವ ಮುನ್ನ ಪೊಟ್ಯಾಸಿಯಂ ತೀರ ಕಡಿಮೆ ಇರುವುದನ್ನು ಗಮನಿಸಿ ನನಗೆ ಫೋನ್ ಮಾಡಿದ ಹೌಸ್ ಸರ್ಜನ್ ಇವರು’ ಎಂದು ಬರೆದರೆ ಓದುವವರ ಕಣ್ಣೆದುರು ಒಬ್ಬ ವೈದ್ಯ ನಿಲ್ಲುತ್ತಾನೆ. ಪತ್ರ ಕೇಳಲು ಹೋಗುವಾಗ ಸರ್ ಅಥವಾ ಮೇಡಂ ಅವರ ಕೈಗೆ ನಿಮ್ಮ ಸಿವಿಯ ಜತೆಗೆ, ಅವರ ವಾರ್ಡಿನಲ್ಲಿ ನೀವು ನೋಡಿಕೊಂಡ ಎರಡು ಮೂರು ಪ್ರಕರಣಗಳನ್ನು ನೆನಪಿಸುವ ಅರ್ಧ ಪುಟದ ಚೀಟಿ ಕೊಡಿ. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ಅದೇ ಮಾತು ಅರ್ಜಿಯ ಅನುಭವ ವಿಭಾಗಕ್ಕೂ ಸಲ್ಲುತ್ತದೆ. ಇರಾಸ್‌ನಲ್ಲಿ ಹತ್ತು ಅನುಭವಗಳಿಗೆ ಮಾತ್ರ ಜಾಗ, ಅವುಗಳಲ್ಲಿ ಮೂರನ್ನು ಅತಿ ಮುಖ್ಯವೆಂದು ಗುರುತಿಸಿ ವಿವರಿಸಬಹುದು. ಗ್ರಾಮೀಣ ಸೇವೆಯಲ್ಲಿ ವರ್ಷ ಕಳೆದವರು ಅದನ್ನು ‘ಪಿಎಚ್‌ಸಿಯಲ್ಲಿ ವೈದ್ಯಾಧಿಕಾರಿ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಓಹಾಯೋದಲ್ಲಿ ಕುಳಿತು ಅರ್ಜಿ ಓದುವವರಿಗೆ ಪಿಎಚ್‌ಸಿ ಎಂದರೇನೆಂದು ತಿಳಿದಿರುವುದಿಲ್ಲ. ಎಷ್ಟು ಹಳ್ಳಿಗಳಿಗೆ ಆ ಕೇಂದ್ರ ಆಸರೆ, ಹತ್ತಿರದ ತಾಲ್ಲೂಕು ಆಸ್ಪತ್ರೆ ಎಷ್ಟು ದೂರ, ಹಾವು ಕಚ್ಚಿದವರು ಬಂದಾಗ ಯಾವ ಔಷಧ ಕೈಯಲ್ಲಿತ್ತು, ಯಾರನ್ನು ಯಾವಾಗ ಮುಂದಕ್ಕೆ ಕಳಿಸಿದಿರಿ ಎಂದು ಬಿಡಿಸಿ ಬರೆದರೆ ನೀವು ದುರ್ಬಲವೆಂದುಕೊಂಡಿದ್ದ ಆ ವರ್ಷವೇ ಅರ್ಜಿಯ ಗಟ್ಟಿ ಭಾಗವಾಗುತ್ತದೆ.

ಎಷ್ಟು ಪ್ರೋಗ್ರಾಂಗಳಿಗೆ ಅರ್ಜಿ ಹಾಕಬೇಕು ಎಂಬುದಕ್ಕೆ ಮೊದಲು ದುಡ್ಡಿನ ಲೆಕ್ಕ ನೋಡೋಣ. 2024ರ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದವರಿಗೆ ಒಂದು ವಿಭಾಗದಲ್ಲಿ ಮೊದಲ 30 ಪ್ರೋಗ್ರಾಂಗಳವರೆಗೆ ತಲಾ 11 ಡಾಲರ್, 31ನೆಯದರಿಂದ ಮುಂದೆ ತಲಾ 30 ಡಾಲರ್ ದರವಿತ್ತು. ಅಂದರೆ 30ಕ್ಕೆ 330 ಡಾಲರ್, 100ಕ್ಕೆ 2,430 ಡಾಲರ್. ಕಣ್ಣುಮುಚ್ಚಿ ಇನ್ನೂರು ಕಡೆ ಹಾಕುವುದಕ್ಕಿಂತ, ಫ್ರೀಡಾ ಎಂಬ ದತ್ತಕೋಶದಲ್ಲಿ ಹಾಗೂ ಪ್ರೋಗ್ರಾಂನ ಸ್ವಂತ ಪುಟದಲ್ಲಿ ಮೂರು ಸಂಗತಿಗಳನ್ನು ಪರಿಶೀಲಿಸಿ ಪಟ್ಟಿಯನ್ನು ಕತ್ತರಿಸುವುದು ಮೇಲು: ಯಾವ ವೀಸಾ ಕೊಡಿಸುತ್ತಾರೆ, ಪದವಿ ಪಡೆದು ಎಷ್ಟು ವರ್ಷವಾದವರನ್ನು ತೆಗೆದುಕೊಳ್ಳುತ್ತಾರೆ, ಈಗಿರುವ ರೆಸಿಡೆಂಟರಲ್ಲಿ ಹೊರದೇಶದಲ್ಲಿ ಓದಿದವರು ಇದ್ದಾರೆಯೇ. ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಪೀಡಿಯಾಟ್ರಿಕ್ಸ್, ಪೆಥಾಲಜಿ, ನ್ಯೂರಾಲಜಿಗಳಲ್ಲಿ ನಮ್ಮವರಿಗೆ ದಾರಿ ಇದೆ. ಡರ್ಮಟಾಲಜಿ, ಆರ್ಥೋಪೀಡಿಕ್ಸ್‌ಗಳಲ್ಲಿ ಅದು ಬಹಳ ಕಿರಿದು. ಇಂತಿಷ್ಟು ಪ್ರೋಗ್ರಾಂಗಳಿಗೆ ‘ಸಿಗ್ನಲ್’ ಕಳಿಸಿ ವಿಶೇಷ ಆಸಕ್ತಿ ತಿಳಿಸುವ ಪದ್ಧತಿಯೂ ಈಗ ಬಂದಿದೆ. ಇಂಟರ್ನಲ್ ಮೆಡಿಸಿನ್‌ಗೆ 3 ಚಿನ್ನದವು, 12 ಬೆಳ್ಳಿಯವು ಎಂಬ ಲೆಕ್ಕ ನಡೆದುಬಂದಿದೆ. ಚಿನ್ನವನ್ನು ಹೆಸರುವಾಸಿ ವಿಶ್ವವಿದ್ಯಾಲಯಗಳಿಗೆ ಎರಚುವ ಬದಲು ನೀವು ಎಲೆಕ್ಟಿವ್ ಮಾಡಿದ ಆಸ್ಪತ್ರೆಗೆ ಕೊಡಿ.

ವೀಸಾದ ವಿಷಯವನ್ನು ಮ್ಯಾಚ್ ಆದ ಮೇಲೆ ಯೋಚಿಸೋಣ ಎಂದು ಬಿಡುವಂತಿಲ್ಲ. ಹೆಚ್ಚಿನವರು ಹೋಗುವುದು ಜೆ-1 ಎಂಬ ವಿನಿಮಯ ವೀಸಾದಲ್ಲಿ. ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತು ಅದಕ್ಕಿದೆ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಲು ಒಪ್ಪಿದರೆ ಕಾನ್ರಾಡ್ 30 ಯೋಜನೆಯಲ್ಲಿ ವಿನಾಯಿತಿ ಸಿಗಬಹುದು, ಆದರೆ ಅದು ರಾಜ್ಯವೊಂದಕ್ಕೆ ವರ್ಷಕ್ಕೆ ಮೂವತ್ತೇ ಮಂದಿಗೆ. ಎಚ್-1ಬಿಗೆ ಈ ಷರತ್ತಿಲ್ಲ, ಬದಲಿಗೆ ಯುಎಸ್‌ಎಂಎಲ್‌ಇಯ ಕೊನೆಯ ಹಂತವಾದ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಆ ಪರೀಕ್ಷೆ ಅಮೆರಿಕದೊಳಗೆ ಮಾತ್ರ ನಡೆಯುತ್ತದೆ. ಇದರ ಮೇಲೆ 2025ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಘೋಷಣೆ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಹೀಗಾಗಿ ಹಳೆಯ ವೆಬ್‌ಪುಟದಲ್ಲಿ ‘ಎಚ್-1ಬಿ ಕೊಡುತ್ತೇವೆ’ ಎಂದಿರುವುದನ್ನು ನಂಬದೆ, ಅರ್ಜಿ ಹಾಕುವ ಮೊದಲು ಪ್ರೋಗ್ರಾಂ ಸಂಯೋಜಕರಿಗೆ ಎರಡು ಸಾಲಿನ ಇಮೇಲ್ ಬರೆದು ಕೇಳಿ.

ಸಂದರ್ಶನಗಳು ಕೋವಿಡ್ ನಂತರ ಬಹುಪಾಲು ವಿಡಿಯೋದಲ್ಲೇ ನಡೆಯುತ್ತಿವೆ. ನ್ಯೂಯಾರ್ಕಿನ ಬೆಳಗಿನ ಎಂಟು ಗಂಟೆ ಅಕ್ಟೋಬರ್‌ನಲ್ಲಿ ನಮಗೆ ಸಂಜೆ ಐದೂವರೆ, ನವೆಂಬರ್ ಮೊದಲ ಭಾನುವಾರ ಅಲ್ಲಿನ ಗಡಿಯಾರ ಹಿಂದಕ್ಕೆ ಸರಿದ ಮೇಲೆ ಆರೂವರೆ. ಕ್ಯಾಲಿಫೋರ್ನಿಯಾದ ಎಂಟು ಗಂಟೆಯಾದರೆ ಆಗ ರಾತ್ರಿ ಒಂಬತ್ತೂವರೆ. ಈ ಒಂದು ಗಂಟೆಯ ವ್ಯತ್ಯಾಸದಲ್ಲಿ ಸಂದರ್ಶನ ತಪ್ಪಿಸಿಕೊಂಡವರಿದ್ದಾರೆ. ಯುಪಿಎಸ್ ಇರುವ, ಎರಡನೆಯ ಇಂಟರ್ನೆಟ್ ಸಂಪರ್ಕವಿರುವ ಕೋಣೆಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಪದವಿಯ ನಂತರದ ಖಾಲಿ ವರ್ಷಗಳ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಆ ಕಾಲದಲ್ಲಿ ಏನು ಮಾಡಿದಿರೋ ಅದನ್ನು ಕ್ಷಮೆಯ ದನಿಯಿಲ್ಲದೆ ಎರಡು ವಾಕ್ಯಗಳಲ್ಲಿ ಹೇಳಿ ಮುಂದುವರಿಯಿರಿ.

ಸಂದರ್ಶನಗಳ ಬಳಿಕ ಮ್ಯಾಚ್ ನಡೆಸುವ ಸಂಸ್ಥೆಯಾದ ಎನ್‌ಆರ್‌ಎಂಪಿಯಲ್ಲಿ ಆದ್ಯತಾ ಪಟ್ಟಿ ಸಲ್ಲಿಸಬೇಕು. ಇರಾಸ್‌ಗಿಂತ ಬೇರೆಯಾದ ಈ ನೋಂದಣಿಯನ್ನು ಮರೆಯಬಾರದು. ಇಲ್ಲಿ ಅತಿಬುದ್ಧಿವಂತಿಕೆಯೇ ಕೈಕೊಡುತ್ತದೆ. ‘ಮೊದಲ ಸ್ಥಾನದಲ್ಲಿ ದೊಡ್ಡ ಆಸ್ಪತ್ರೆ ಬರೆದು ಅದು ಸಿಗದಿದ್ದರೆ ಎರಡನೆಯದೂ ಕೈಬಿಡುತ್ತದೆ’ ಎಂಬ ಭಯ ನಮ್ಮ ಸೀಟು ಹಂಚಿಕೆಯ ಕೌನ್ಸೆಲಿಂಗ್‌ಗಳ ಅನುಭವದಿಂದ ಬಂದದ್ದು, ಇಲ್ಲಿ ಅದಕ್ಕೆ ಆಧಾರವಿಲ್ಲ. ಕಂಪ್ಯೂಟರ್ ನಿಮ್ಮನ್ನು ಮೊದಲ ಆಯ್ಕೆಯಲ್ಲಿ ಕೂರಿಸಲು ನೋಡುತ್ತದೆ. ಅಲ್ಲಿ ಜಾಗವಿಲ್ಲದಿದ್ದರೆ ಎರಡನೆಯದಕ್ಕೆ ಒಯ್ಯುತ್ತದೆ. ಅಲ್ಲಿ ಈಗಾಗಲೇ ತಾತ್ಕಾಲಿಕವಾಗಿ ಕುಳಿತವರಿಗಿಂತ ನಿಮ್ಮನ್ನು ಆ ಪ್ರೋಗ್ರಾಂ ಮೇಲಿಟ್ಟಿದ್ದರೆ ಅವರು ಎದ್ದು ನಿಮಗೆ ಜಾಗ ಬಿಡಬೇಕು. ತಡವಾಗಿ ಬಂದಿರೆಂಬ ಕಾರಣಕ್ಕೆ ನಿಮಗೆ ನಷ್ಟವಿಲ್ಲ. ಈ ಬಗೆಯ ಹೊಂದಾಣಿಕೆಯ ಗಣಿತಕ್ಕಾಗಿಯೇ ಆಲ್ವಿನ್ ರಾತ್ ಮತ್ತು ಲಾಯ್ಡ್ ಶಾಪ್ಲೆ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಆದ್ದರಿಂದ ನಿಮ್ಮ ಮನಸ್ಸಿನಲ್ಲಿರುವ ಕ್ರಮವನ್ನೇ ಬರೆಯಿರಿ, ಹೋಗಲು ಸಿದ್ಧವಿಲ್ಲದ ಜಾಗವನ್ನು ಮಾತ್ರ ಬರೆಯಬೇಡಿ, ಏಕೆಂದರೆ ಮ್ಯಾಚ್ ಆದದ್ದು ಒಪ್ಪಂದವಾಗಿ ಕಟ್ಟಿಹಾಕುತ್ತದೆ.

ಫಲಿತಾಂಶದ ವಾರದ ಸೋಮವಾರ ಮ್ಯಾಚ್ ಆಯಿತೋ ಇಲ್ಲವೋ ತಿಳಿಯುತ್ತದೆ, ಎಲ್ಲಿ ಎಂಬುದು ಶುಕ್ರವಾರ. 2024ರಲ್ಲಿ ಅಮೆರಿಕದ ಪೌರರಲ್ಲದ, ಹೊರಗೆ ಓದಿದ ಅಭ್ಯರ್ಥಿಗಳಲ್ಲಿ ಶೇ 58.5 ಮಂದಿಗೆ ಜಾಗ ಸಿಕ್ಕಿತು. ಸಿಗದವರಿಗೆ ಅದೇ ವಾರ ಸೋಪ್ ಎಂಬ ಪೂರಕ ಸುತ್ತು ಇದೆ. ಉಳಿದ ಸ್ಥಾನಗಳ ಪೈಕಿ 45 ಪ್ರೋಗ್ರಾಂಗಳವರೆಗೆ ಅರ್ಜಿ ಹಾಕಬಹುದು, ಆದರೆ ಅವರಾಗಿ ಸಂಪರ್ಕಿಸುವ ಮುನ್ನ ನೀವು ಫೋನ್ ಮಾಡಿದರೆ ನಿಯಮಭಂಗವಾಗುತ್ತದೆ. ಸಿಕ್ಕವರು ಶುಕ್ರವಾರದ ಸಂಭ್ರಮ ಮುಗಿದ ಕೂಡಲೇ ಕೇಂದ್ರ ಆರೋಗ್ಯ ಸಚಿವಾಲಯದಿಂದ ‘ಸ್ಟೇಟ್‌ಮೆಂಟ್ ಆಫ್ ನೀಡ್’ ಎಂಬ ಪತ್ರ ಪಡೆಯಲು ಅರ್ಜಿ ಹಾಕಬೇಕು. ಅದಿಲ್ಲದೆ ಜೆ-1 ಪ್ರಾಯೋಜನೆ ಪೂರ್ಣವಾಗದು. ವೀಸಾ ಸಂದರ್ಶನಕ್ಕೆ ಚೆನ್ನೈ ಅಥವಾ ಹೈದರಾಬಾದಿಗೆ ಹೋಗಬೇಕಾಗುತ್ತದೆ, ಓರಿಯೆಂಟೇಶನ್ ಜೂನ್ ಮಧ್ಯದಲ್ಲೇ ಆರಂಭವಾಗುತ್ತದೆ. ನಡುವೆ ಉಳಿಯುವುದು ಹನ್ನೆರಡು ವಾರ, ಸಚಿವಾಲಯದ ಕಡತ ಅದರಲ್ಲಿ ಎಷ್ಟು ವಾರ ತಿನ್ನುತ್ತದೆಂದು ಮೊದಲೇ ಹೇಳಲಾಗದು. ಹಾಗಾಗಿ ಲಗತ್ತುಗಳನ್ನು ಫೆಬ್ರವರಿಯಲ್ಲೇ ಜೋಡಿಸಿ ಇಟ್ಟುಕೊಂಡಿರಿ.