ಪ್ರವಾಸದ ಹಳೆಯ ಫೋಟೋಗಳು: ಮೊದಲು ಹೆಸರು, ಆಮೇಲೆ ಆಲ್ಬಂ

ಅಟ್ಟದಿಂದ ಫೋಟೋ ಪೆಟ್ಟಿಗೆ ಕೆಳಗಿಳಿಸಿದ ಕೂಡಲೇ ಎಲ್ಲರ ಕೈಯೂ ಒರೆಸುವ ಬಟ್ಟೆಯ ಕಡೆಗೆ ಹೋಗುತ್ತದೆ. ದಯವಿಟ್ಟು ಬೇಡ. ಶುಚಿ ಮಾಡುವುದು ಕೊನೆಯ ಕೆಲಸ. ಹೆಸರು ಬರೆದಿಟ್ಟುಕೊಳ್ಳುವುದು ಮೊದಲನೆಯದು. ಚೆನ್ನಾಗಿಟ್ಟ ಕಪ್ಪುಬಿಳುಪು ಫೋಟೋ ಇನ್ನೂ ಐವತ್ತು ವರ್ಷ ಬಾಳುತ್ತದೆ. ಆದರೆ ಜೋಗದಲ್ಲಿ ಕಟ್ಟೆಯ ಮೇಲೆ ಸಾಲಾಗಿ ಕೂತವರಲ್ಲಿ ಎಡದಿಂದ ಮೂರನೆಯವರು ಯಾರೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ.

ಹಿರಿಯರ ಕೈಗೆ ಮೂಲ ಫೋಟೋ ಕೊಟ್ಟು ಕೇಳಬೇಡಿ. ಅಂಗೈ ಅಗಲದ ಚಿತ್ರದಲ್ಲಿ ಅವರಿಗೆ ಮುಖ ಕಾಣುವುದಿಲ್ಲ, ಬೆರಳಿನ ಬೆವರು ಬೇರೆ ಫೋಟೋಗೆ ಅಂಟುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದು, ಝೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯ ತುಂಬ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಹೆಸರನ್ನು ಆ ಹಾಳೆಯ ಮೇಲೆಯೇ, ಮುಖದ ಪಕ್ಕದಲ್ಲಿ ಬರೆಯಿರಿ. ಬೆಳಗಿನ ಬೆಳಕಿನಲ್ಲಿ, ಒಂದು ಸಲಕ್ಕೆ ಹದಿನೈದು ಇಪ್ಪತ್ತು ಫೋಟೋ ಸಾಕು. ಅದಕ್ಕಿಂತ ಹೆಚ್ಚಾದರೆ ಅವರಿಗೆ ದಣಿವಾಗಿ, 'ಹೂಂ, ಅವರೇ ಇರಬೇಕು' ಎಂಬ ಉತ್ತರ ಬರತೊಡಗುತ್ತದೆ. ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅಂದು ಯಾವ ಛತ್ರದಲ್ಲಿ ಉಳಿದಿದ್ದರು, ಬುತ್ತಿಗೆ ಏನು ಕಟ್ಟಿಕೊಂಡಿದ್ದರು ಎಂಬುದೆಲ್ಲ ಹಾಳೆಯಲ್ಲಿ ಹಿಡಿಸುವುದಿಲ್ಲ.

ಬರೆಯುವಾಗ 'ಅಜ್ಜಿ', 'ದೊಡ್ಡಮ್ಮ', 'ಚಿಕ್ಕಪ್ಪ' ಎಂದಷ್ಟೇ ಬರೆದು ಬಿಡಬೇಡಿ. ನಿಮ್ಮ ಚಿಕ್ಕಪ್ಪ ನಿಮ್ಮ ಮಕ್ಕಳಿಗೆ ಚಿಕ್ಕಜ್ಜ, ಅವರ ಮಕ್ಕಳಿಗೆ ಯಾರೋ ಒಬ್ಬರು. 'ಪುಟ್ಟ', 'ಪಾಪು' ಎಂದು ಬರೆದ ಫೋಟೋಗಳಂತೂ ಪ್ರತಿ ಮನೆಯಲ್ಲೂ ಇವೆ, ಆ ಪಾಪು ಯಾರೆಂದು ಮಾತ್ರ ಯಾರಿಗೂ ತಿಳಿಯದು. ಪೂರ್ತಿ ಹೆಸರು, ಯಾರ ಮಗ ಅಥವಾ ಮಗಳು, ಯಾವ ಊರು, ಈ ಮೂರು ಇರಲಿ. ಕರೆಯುವ ಹೆಸರು ಆಮೇಲೆ.

ವರ್ಷ ನೆನಪಾಗದಿದ್ದರೆ ಜನರ ಹಿಂದೆ ಏನಿದೆ ನೋಡಿ. ವಾಹನದ ನಂಬರ್ ಪ್ಲೇಟ್ 'ಕೆಎ' ಎಂದು ಶುರುವಾಗಿದ್ದರೆ ಫೋಟೋ 1989ಕ್ಕಿಂತ ಹಿಂದಿನದಲ್ಲ. ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗೆ ಮೊದಲಿನದು. ಶ್ರವಣಬೆಳಗೊಳದ ಗೊಮ್ಮಟನ ಹಿಂದೆ ಅಟ್ಟಣಿಗೆ ಕಟ್ಟಿದ್ದರೆ ಮಹಾಮಸ್ತಕಾಭಿಷೇಕದ ಆಸುಪಾಸು, ಅಂದರೆ 1967, 1981, 1993, 2006 ಅಥವಾ 2018. ಚೌಕಾಕಾರದ ಸಣ್ಣ ಕಪ್ಪುಬಿಳುಪು ಫೋಟೋ ಆಗ್ಫಾ ಕ್ಲಿಕ್ ಥ್ರೀಯಂಥ ಕ್ಯಾಮೆರಾದ್ದಿರಬಹುದು. ಅದಕ್ಕೆ ಹಾಕುವ '120' ಅಳತೆಯ ಫಿಲಂ ರೋಲಿಗೆ ಹನ್ನೆರಡೇ ಚಿತ್ರ, ಹಾಗಾಗಿ ಒಂದೇ ಅಳತೆಯ ಹನ್ನೆರಡು ಫೋಟೋ ಸಿಕ್ಕರೆ ಅವು ಒಂದೇ ಪ್ರವಾಸದವೋ ಎಂದು ನೋಡಿ. ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಬಿದ್ದ ತಾರೀಖನ್ನು ಪೂರ್ತಿ ನಂಬಬೇಡಿ. ಬ್ಯಾಟರಿ ಬದಲಿಸಿದ ಮೇಲೆ ತಾರೀಖು ಸರಿಪಡಿಸದೆ ತೆಗೆದ ಫೋಟೋಗಳು ಬಹಳ.

ಇನ್ನು ಸ್ಕ್ಯಾನಿಂಗ್. ಹೆಚ್ಚು ಹಳೆಯದು ಎಂದು ಕಪ್ಪುಬಿಳುಪಿನಿಂದ ಶುರು ಮಾಡುವವರೇ ಹೆಚ್ಚು. ನನ್ನ ಮಾತು ಕೇಳುವುದಾದರೆ ಎಪ್ಪತ್ತು ಎಂಬತ್ತರ ದಶಕದ ಕಲರ್ ಫೋಟೋಗಳನ್ನು ಮೊದಲು ಮಾಡಿ. ಕಪ್ಪುಬಿಳುಪಿನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿಯ ಕಣ, ಕಲರ್ ಫೋಟೋದಲ್ಲಿರುವುದು ಬರೀ ಬಣ್ಣ. ಆ ಕಾಲದ ಪ್ರಿಂಟುಗಳಲ್ಲಿ ನೀಲಿ-ಹಸಿರು ಛಾಯೆಯ ಬಣ್ಣ ಕತ್ತಲಲ್ಲಿಟ್ಟರೂ ಮಾಸುತ್ತದೆ, ಆದ್ದರಿಂದಲೇ ಊಟಿಯ ಹುಲ್ಲೂ ಆಕಾಶವೂ ಕೆಂಪಡರಿ ಕಾಣುವುದು. ಆರು ಇಂಚು ಉದ್ದ, ನಾಲ್ಕು ಇಂಚು ಅಗಲದ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಸ್ಕ್ಯಾನರಿನ ಅಳತೆ) ಸಾಕು. ಸಣ್ಣ ಚೌಕದ ಫೋಟೋಗೆ 1200 ಇಡಿ. ಸ್ಕ್ಯಾನರಿನ 'ಆಟೋ ಕರೆಕ್ಷನ್' ತೆಗೆದುಹಾಕಿ, ಮೊದಲ ಪ್ರತಿಯನ್ನು ಇದ್ದಂತೆಯೇ ಉಳಿಸಿ, ಬಣ್ಣ ತಿದ್ದುವುದನ್ನು ಬೇರೆ ಪ್ರತಿಯಲ್ಲಿ ಮಾಡಿ. ಫೈಲಿನ ಹೆಸರು ವರ್ಷದಿಂದ ಶುರುವಾಗಲಿ: ವರ್ಷ, ಊರು, ಕ್ರಮಸಂಖ್ಯೆ. ಆಗ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸಿಕೊಳ್ಳುತ್ತದೆ. ಮೊಬೈಲಿನಲ್ಲೇ ತೆಗೆಯುವುದಾದರೆ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಫೋಟೋ ಮಲಗಿಸಿ, ಫ್ಲಾಶ್ ಆರಿಸಿ, ಮೊಬೈಲನ್ನು ಓರೆಯಾಗದಂತೆ ಮೇಲಿನಿಂದ ಹಿಡಿಯಿರಿ.

ಅತಿ ಕಷ್ಟ ಕೊಡುವುದು ಅಂಟು ಹಾಳೆಯ ಆಲ್ಬಂ, ಪ್ಲಾಸ್ಟಿಕ್ ಪೊರೆ ಎತ್ತಿ ಫೋಟೋ ಇಟ್ಟು ಮತ್ತೆ ಮುಚ್ಚುವಂಥದ್ದು. ವರ್ಷಗಳಾದ ಮೇಲೆ ಅದರ ಗೋಂದು ಕಲ್ಲಾಗುತ್ತದೆ, ಇಲ್ಲವೇ ಜಿನುಗಿ ಫೋಟೋದ ಬೆನ್ನಿಗೆ ಹಳದಿ ಗೀರು ಬೀಳಿಸುತ್ತದೆ. ಉಗುರಿನಿಂದ ಎಬ್ಬಿದರೆ ಮೂಲೆ ಮುರಿಯುತ್ತದೆ. ಮೊದಲು ಪುಟವನ್ನು ಇದ್ದ ಹಾಗೆಯೇ ಸ್ಕ್ಯಾನ್ ಮಾಡಿ. ಆಮೇಲೆ ಮೇಣವಿಲ್ಲದ ಡೆಂಟಲ್ ಫ್ಲಾಸ್ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಒಂದು ಮೂಲೆಯಿಂದ ಫೋಟೋದ ಅಡಿಗೆ ತೂರಿಸಿ, ಗರಗಸದಂತೆ ನಿಧಾನವಾಗಿ ಆಚೀಚೆ ಎಳೆಯುತ್ತಾ ಬನ್ನಿ. ಬಾಗುವುದು ಆಲ್ಬಮ್ಮಿನ ಪುಟವೇ ಹೊರತು ಫೋಟೋ ಅಲ್ಲ. ಅರ್ಧಕ್ಕೆ ದಾರ ನಿಂತರೆ ಅಲ್ಲಿಗೇ ಬಿಡಿ, ಬೇಕಾದರೆ ಪುಟವನ್ನೇ ಸುತ್ತ ಕತ್ತರಿಸಿ ಹಾಗೇ ಇಡಿ.

ಗೋಡೆಯ ಫ್ರೇಮಿನಲ್ಲಿ ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಲೇಬಾರದು. ಫೋಟೋದ ಮೇಲ್ಪದರ ಜೆಲಾಟಿನ್ ಎಂಬ ಅಂಟಿನಂಥ ಪದಾರ್ಥ. ಮಳೆಗಾಲದ ತೇವಕ್ಕೆ ಅದು ಉಬ್ಬಿ ಗಾಜಿಗೆ ಹತ್ತಿ, ಒಣಗಿದಾಗ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಹೊಸದಾಗಿ ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ಅಂತರ ಉಳಿಯುವಂತೆ ಮೌಂಟ್ ಬೋರ್ಡ್ (ಚಿತ್ರ ಕಾಣುವಷ್ಟು ಕಿಂಡಿ ಕತ್ತರಿಸಿದ ದಪ್ಪ ರಟ್ಟು) ಕೊಡಿಸಿ, ಹೊರಗೋಡೆಗೆ ತೂಗುಹಾಕಬೇಡಿ.

ಬೂಷ್ಟು ಬಂದ ಫೋಟೋಗೆ ಒದ್ದೆ ಬಟ್ಟೆ, ಸ್ಪಿರಿಟ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಬೂಷ್ಟು ತಿಂದ ಜೆಲಾಟಿನ್ ನೀರು ಸೋಕಿದರೆ ಕರಗುತ್ತದೆ, ಬಟ್ಟೆಯ ಜೊತೆ ಮುಖವೂ ಒರೆಸಿಹೋಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಒಣಗಿಸಿ. ಬೂಷ್ಟು ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ ಕೂತು, ಜಲವರ್ಣಕ್ಕೆ ಬಳಸುವ ಮೃದು ಬ್ರಷ್ಷಿನಿಂದ ಹಗುರವಾಗಿ ಉದುರಿಸಿ. ಉಳಿದ ಕಲೆ ಇದ್ದುಕೊಳ್ಳಲಿ.

ಇಡುವ ಜಾಗಕ್ಕೆ ಅಟ್ಟ ಬೇಡ, ಹೆಂಚಿನ ಕಾವು ಹೊಡೆಯುತ್ತದೆ. ನೆಲದ ಪೆಟ್ಟಿಗೆಯೂ ಬೇಡ, ತೇವ ಮತ್ತು ಗೆದ್ದಲು. ಒಳಗೋಡೆಗೆ ಇಟ್ಟ ಬೀರುವಿನ ನಡುವಿನ ಅರೆ ಒಳ್ಳೆಯದು. ಫೋಟೋ ಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಬಾರದು. ಅದರಲ್ಲಿನ ಗಂಧಕ ಬೆಳ್ಳಿಯ ಚಿತ್ರವನ್ನು ಕಂದಿಸುತ್ತದೆ, ಬೇಸಿಗೆಯಲ್ಲಿ ರಬ್ಬರೂ ಕರಗಿ ಅಂಟುತ್ತದೆ. ಡಾಂಬರ್ ಗುಳಿಗೆಯನ್ನು ಫೋಟೋ ಡಬ್ಬಿಯೊಳಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ ಪೊರೆಗಳನ್ನು ಮೆತ್ತಗೆ ಮಾಡುತ್ತದೆ. ಬೇವಿನ ಎಲೆ ಹಾಕುವ ರೂಢಿ ಇದೆಯಾದರೂ ಅರೆಬರೆ ಒಣಗಿದ ಎಲೆ ತೇವವನ್ನೂ ಕಲೆಯನ್ನೂ ತರುತ್ತದೆ. ಶೂ ಡಬ್ಬಿಯಷ್ಟು ದೊಡ್ಡ, ಮುಚ್ಚಳ ಬಿಗಿಯಾದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳನ್ನು 50 ಗ್ರಾಂ ಬಟ್ಟೆಯ ಚೀಲದಲ್ಲಿ ಹಾಕಿ. ಬಣ್ಣ ಬದಲಾಗುವ ಕಿತ್ತಳೆಯ ಹರಳು ಕೊಳ್ಳಿ, ನೀಲಿಯದು ಬೇಡ, ಅದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಬಣ್ಣ ಬದಲಾಯಿಸಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಮೊದಲಿನ ಬಣ್ಣ ಬರುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಹಾಕಿ. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಇದು ಬೇಕೇಬೇಕು. ಬಯಲುಸೀಮೆಯಲ್ಲಿ ಮಾರ್ಚ್ ಬಂದರೆ ತೆಗೆದಿಡಿ, ಅತಿ ಒಣಗಿದರೆ ಫೋಟೋ ಸುರುಳಿ ಸುತ್ತುತ್ತದೆ.

ಫೋಟೋದ ಬೆನ್ನಿಗೆ ಬಾಲ್ ಪೆನ್ನಿನಿಂದ ಬರೆದರೆ ಅಕ್ಷರ ಮುಂದೆ ಮುಖದ ಮೇಲೆ ಉಬ್ಬಿ ಮೂಡುತ್ತದೆ. ಹಳೆಯ ಕಾಗದಕ್ಕೆ 4ಬಿ ಪೆನ್ಸಿಲ್, ಅಂಚಿನಲ್ಲಿ, ಒತ್ತದೆ. ಪ್ಲಾಸ್ಟಿಕ್ ಲೇಪದ ಕಲರ್ ಪ್ರಿಂಟಿಗೆ ಪೆನ್ಸಿಲ್ ಹಿಡಿಯದು, ಅದಕ್ಕೆ ಲಕೋಟೆಯ ಮೇಲೆ ಮೊದಲು ಬರೆದು ಆಮೇಲೆ ಫೋಟೋ ಒಳಗಿಡಿ.

ನೆಗೆಟಿವ್‌ಗಳನ್ನು ಕಸವೆಂದು ಎಸೆಯಬೇಡಿ, ಪ್ರಿಂಟ್ ಹಾಳಾದರೂ ಅದರಿಂದ ಮತ್ತೆ ಚಿತ್ರ ಬರುತ್ತದೆ. ವಿನಿಗರ್ ವಾಸನೆ ಬರುವುದನ್ನು ಮಾತ್ರ ಅಂದೇ ಬೇರೆ ಮಾಡಿ, ಆ ಹುಳಿ ಪಕ್ಕದವಕ್ಕೂ ಹರಡುತ್ತದೆ. ಅದನ್ನು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿಸಿ.

ಆಯುಧಪೂಜೆಗೆ ಮನೆಯೆಲ್ಲ ತೊಳೆದು ಬಳಿಯುವ ಹೊತ್ತಿಗೆ, ನೆಲ ಪೂರ್ತಿ ಒಣಗಿದ ಮೇಲೆ, ಡಬ್ಬಿಯ ಮುಚ್ಚಳ ತೆರೆದು ನೆರಳಿನಲ್ಲಿ ಒಂದು ಗಂಟೆ ಗಾಳಿಗೆ ಇಡಿ. ಎಳೆ ಬಿಸಿಲೂ ಬೇಡ.