ದಂಟಿನ ರಸಕ್ಕೆ ಜೋಳದ ತಳಿ ಕಟ್ಟುವುದು ಹೇಗೆ?

ಕಲಬುರಗಿ ಸೀಮೆಯಲ್ಲಿ ಜೋಳ ಎಂದರೆ ಮೊದಲು ರೊಟ್ಟಿ, ಆಮೇಲೆ ದನಕ್ಕೆ ಕಣಿಕೆ. ಎಥೆನಾಲ್‌ಗೆಂದು ತಳಿ ಕಟ್ಟುವವರು ಮಾತ್ರ ತೆನೆಗಿಂತ ಮೊದಲು ದಂಟು ನೋಡಬೇಕು. ಇಂಧನವಾಗುವ ಈ ಮದ್ಯಸಾರ ಬರುವುದು ದಂಟಿನ ಸಿಹಿ ರಸವನ್ನು ಹುದುಗಿಸಿದಾಗ. ಇದು ಮುಂಗಾರಿನ ಕೆಲಸ. ಹಿಂಗಾರಿನ ಚಳಿಯಲ್ಲಿ ದಂಟು ಗಿಡ್ಡವಾಗುತ್ತದೆ, ರಸವೂ ಇಳಿಯುತ್ತದೆ.

ಮೊದಲು ತಾಯಿ, ತಂದೆ ಗಿಡಗಳನ್ನು ಆರಿಸಿ. ಎಸ್‌ಎಸ್‌ವಿ 84ರಂಥ ಸಿಹಿ ದಂಟಿನ ತಳಿ ಒಂದು, ಸುಳಿ ನೊಣಕ್ಕೆ ಜಗ್ಗದ ಎರೆ ಹೊಲದ ಜೋಳ ಇನ್ನೊಂದು. ಎಲೆಯ ನಡುನರವನ್ನು ನೋಡಿ: ಸುಣ್ಣ ಎಳೆದಂತೆ ಬೆಳ್ಳಗಿದ್ದರೆ ಒಳಗೆ ಒಣ ಬೆಂಡು, ಮಂಕು ಹಸಿರಾಗಿದ್ದರೆ ರಸ. ಆದರೆ ರಸವಿದ್ದ ಮಾತ್ರಕ್ಕೆ ಸಿಹಿ ಇರಬೇಕೆಂದಿಲ್ಲ. ಸಪ್ಪೆ ದಂಟು ಜಗಿದವರಿಗೆ ಇದು ಗೊತ್ತು.

ಎರಡನೆಯದು ಸಂಕರಣ, ಅಂದರೆ ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಕೂಡಿಸುವುದು; ತಾಳ್ಮೆ ಬೇಡುವ ಹಂತ. ತೆನೆ ಮೇಲಿನಿಂದ ಕೆಳಕ್ಕೆ ಅರಳುತ್ತದೆ. ತಾಯಿ ಗಿಡದಲ್ಲಿ ಮರುದಿನ ಅರಳಲಿರುವ ಹೂಗಳನ್ನು ಸಂಜೆ ಗುರುತಿಸಿ, ಪ್ರತಿ ಹೂವಿನ ಮೂರು ಪರಾಗಕೋಶಗಳನ್ನೂ ಸೂಜಿಯ ಮೊನೆಯಿಂದ ಎತ್ತಿ ತೆಗೆಯಿರಿ. ಒಂದು ಒಡೆದರೂ ಆ ಹೂವನ್ನು ಕಿತ್ತುಹಾಕಿ. ಉಳಿದ ಹೂಗಳನ್ನು ಕತ್ತರಿಸಿ, ಕಾಗದದ ಚೀಲ ತೊಡಿಸಿ, ಪೆನ್ಸಿಲ್‌ನಲ್ಲಿ ದಿನಾಂಕ ಬರೆಯಿರಿ. ಶಾಯಿ ಮಳೆಗೆ ಅಳಿಸಿಹೋಗುತ್ತದೆ. ಶಲಾಕಾಗ್ರ (ಹೂವಿನಲ್ಲಿ ಪರಾಗ ಹಿಡಿಯುವ ತುದಿ) ಹೊರಬಂದ ಬೆಳಿಗ್ಗೆ ತಂದೆ ಗಿಡದ ತಾಜಾ ಪರಾಗವನ್ನು ಉದುರಿಸಿ, ಚೀಲವನ್ನು ಮತ್ತೆ ಮುಚ್ಚಿ.

ಮೊದಲ ಪೀಳಿಗೆಯ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವುಗಳ ಬೀಜ ಉಳಿಸಿಕೊಳ್ಳಿ, ಸಾಕು.

ನಿಜವಾದ ಆಯ್ಕೆ ಎರಡನೇ ಪೀಳಿಗೆಯಲ್ಲಿ. ನೂರಾರು ಗಿಡಗಳು ಬೇಕು, ಒಂದರಂತೆ ಒಂದು ಇರುವುದಿಲ್ಲ. ಮಂಕು ನರದವನ್ನು ಗುರುತಿಸಿ, ಪಕ್ಕದ ಹೊಲದ ಪರಾಗ ತಾಗದಂತೆ ಅರಳುವ ಮುನ್ನವೇ ತೆನೆಗೆ ಚೀಲ ಕಟ್ಟಿ. ಕಾಳು ಬಲಿತ ಮೇಲೆ ದಂಟು ಕಡಿದು, ಎಲ್ಲ ಗಿಡಗಳಲ್ಲೂ ಒಂದೇ ಗೆಣ್ಣಿನಿಂದ ರಸ ಹಿಂಡಿ, ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ಬಿಡಿ. ಬುಡದ ಗೆಣ್ಣಿಗೂ ತುದಿಯ ಗೆಣ್ಣಿಗೂ ಸಿಹಿ ಬೇರೆ. ಬ್ರಿಕ್ಸ್ (ರಸದಲ್ಲಿ ಸಕ್ಕರೆ ನೂರಕ್ಕೆ ಎಷ್ಟು ಎಂಬ ಅಂದಾಜು) 16 ದಾಟದ ಗಿಡವನ್ನು ನಾನಾದರೆ ಕಣಿಕೆ ಬಣವೆಗೆ ಹಾಕುತ್ತೇನೆ. ಮಳೆ ಬಿದ್ದ ಮರುದಿನ ಮಾತ್ರ ಅಳೆಯಬೇಡಿ, ಒಳ್ಳೆಯ ಗಿಡವೂ ಸೋತುಬಿಡುತ್ತದೆ.

ಗೆದ್ದ ಪ್ರತಿ ತೆನೆಯ ಬೀಜವನ್ನು ಮುಂದಿನ ಮುಂಗಾರಿಗೆ ಬೇರೆ ಬೇರೆ ಸಾಲಿನಲ್ಲಿ ಬಿತ್ತಿ. ಆರನೇ ಪೀಳಿಗೆಯ ಹೊತ್ತಿಗೆ ಸಾಲಿನ ಗಿಡಗಳು ಸಮವಾಗಿ ನಿಲ್ಲುತ್ತವೆ. ಅವಸರವಿದ್ದರೆ ನಡುವೆ ಹಿಂಗಾರಿನಲ್ಲಿ ಒಂದು ಪೀಳಿಗೆ ದಾಟಿಸಬಹುದು. ಆಗ ಸಿಹಿ ಅಳೆದು ಆರಿಸಬೇಡಿ.

ಬೇಗ ಬಲಿಯುವ ಸಾಲುಗಳನ್ನೂ ತಡವಾಗಿ ಬಲಿಯುವವನ್ನೂ ಬೇರೆಯಾಗಿಡಿ. ಕಡಿದ ದಂಟಿನ ಸಕ್ಕರೆ ಬೇಗ ಕೆಡುತ್ತದೆ, ಅಂದಂದೇ ಅರೆಯಬೇಕು. ಎಲ್ಲ ಹೊಲಗಳೂ ಒಂದೇ ವಾರ ಕಟಾವಿಗೆ ಬಂದರೆ ಗಾಣದ ಮುಂದೆ ಬಂಡಿಗಳು ಸಾಲುಗಟ್ಟುತ್ತವೆ.