ಥಂಡಿ ಬರೂದ್ರೊಳಗ ಮನಿ ಹೆಂಗ ತಯಾರ ಮಾಡ್ಕೋಬೇಕು

ವಿಜಯಪುರ ಅಂದ್ರ ಎಲ್ಲಾರಿಗೂ ಬಿಸಲೇ ನೆನಪಾಗ್ತೈತಿ, ಮನಿ ಕಟ್ಟುವಾಗೂ ಬ್ಯಾಸಗಿ ಒಂದ ತಲ್ಯಾಗ ಇರ್ತೈತಿ, ಥಂಡಿ ಬಗ್ಗೆ ಯಾರೂ ವಿಚಾರ ಮಾಡೂದಿಲ್ಲ. ಆದ್ರ ಡಿಸೆಂಬರ್ ಜನವರಿಯೊಳಗ ಮಧ್ಯಾಹ್ನ 29-30 ಡಿಗ್ರಿ ಇದ್ದದ್ದು ನಸುಕಿನ್ಯಾಗ 12-13ಕ್ಕ ಇಳೀತೈತಿ, ಒಮ್ಮೊಮ್ಮೆ 10ರ ಕೆಳಗೂ ಹೋಗ್ತೈತಿ. ಮುಗಲಾಗ ಮೋಡ ಇರೂದಿಲ್ಲ, ಗಾಳಿ ಒಣಾ, ಹಗಲೆಲ್ಲಾ ಕಾದ ನೆಲ ಮತ್ತ ಸ್ಲ್ಯಾಬಿನ ಕಾವು ರಾತ್ರಿ ಸೀದಾ ಮ್ಯಾಲ ಹೋಗಿಬಿಡ್ತೈತಿ. ಅದಕ್ಕ ನಾನು ಹೇಳೂದು ಇಷ್ಟ, ಹೀಟರ್ ತರೂಕಿಂತ ಮೊದ್ಲ ಹಗಲಿನ ಬಿಸಲು ಮನಿಯೊಳಗ ಹಿಡಿದು ಇಟ್ಕೊಳ್ರಿ.

ಬಾಳ ಮಂದಿ ತಪ್ಪೋದು ಇಲ್ಲೇ. ಸಂಜಿ ಹೊತ್ತಿನ್ಯಾಗ ಗಾಳಿ ಹಿತಾ ಅನಸ್ತೈತಿ ಅಂತ ಕಿಡಕಿ ತಗದಿಟ್ಟು ರಾತ್ರಿ ಮಲಗೂಮುಂದ ಹಾಕ್ತಾರ, ಅಷ್ಟರಾಗ ಒಳಗಿನ ಬಿಸಿ ಎಲ್ಲಾ ಹೋಗಿರ್ತೈತಿ, ಆಮ್ಯಾಲ ಹಾಕಿದ್ರ ಥಂಡಿನ ಒಳಗ ಕೂಡಿ ಹಾಕಿದಂಗ. ಐದ್ ಐದೂವರಿಗೆ, ಹೊತ್ತು ಮುಳಗೂಕಿಂತ ಮೊದ್ಲ, ಎಲ್ಲಾ ಕಿಡಕಿ ಹಾಕಿಬಿಡ್ರಿ. ಮುಂಜಾನೆ ಎದ್ದ ಕೂಡ್ಲೇ ತಗೀಬ್ಯಾಡ್ರಿ, ಒಂಬತ್ತರ ಮ್ಯಾಲ ಬಿಸಲು ಗ್ವಾಡಿಗೆ ಬಿದ್ದ ಮ್ಯಾಲ ತಗೀರಿ. ಚಳಿಗಾಲದಾಗ ಸೂರ್ಯ ದಕ್ಷಿಣಕ್ಕ ವಾಲಿರ್ತಾನ, ಹಂಗಾಗಿ ದಕ್ಷಿಣದ ಕಿಡಕಿ ಪರದೆ ಹಗಲೆಲ್ಲಾ ಸರಿಸಿ ಇಡ್ರಿ. ಥಂಡಿ ಗಾಳಿ ಹೆಚ್ಚಿಗೆ ಮೂಡಣ ಈಶಾನ್ಯದ ಕಡೆಯಿಂದ ಬರ್ತೈತಿ, ಆ ಕಡೆ ಕಿಡಕಿಗೆ ದಪ್ಪ ಪರದೆ, ಇಲ್ಲಂದ್ರ ಹಳೆ ಚಾದರ ಆದ್ರೂ ನಡೀತೈತಿ.

ಇನ್ನ ಸಂದಿ ಹುಡುಕೂದು. ಇದಕ್ಕ ಖರ್ಚಿಲ್ಲ, ಒಂದು ಉದಿನಕಡ್ಡಿ ಸಾಕು. ರಾತ್ರಿ ಫ್ಯಾನ್ ಬಂದ್ ಮಾಡಿ ಕಡ್ಡಿ ಹಚ್ಚಿ ಕಿಡಕಿ ಚೌಕಟ್ಟಿನ ಸುತ್ತ ಸಾವಕಾಶ ಒಯ್ರಿ, ಹೊಗಿ ನೆಟ್ಟಗ ಮ್ಯಾಲ ಹೊಂಟಿದ್ರ ಅಲ್ಲಿ ಸಂದಿಲ್ಲ. ನಮ್ಮ ಪಡಸಾಲಿ ಕಿಡಕಿ ಹತ್ರ ನಾ ಹಿಡಿದಾಗ ಕೆಳಗಿನ ಮೂಲಿಯೊಳಗ ಹೊಗಿ ಒಮ್ಮೆಲೆ ಅಡ್ಡಾಗಿ ನನ್ನ ಮಾರಿ ಕಡೆ ಬಂತು, ನೋಡಿದ್ರ ಅಲ್ಯೂಮಿನಿಯಂ ಸ್ಲೈಡಿಂಗ್ ಒಳಗಿನ ಬ್ರಷ್ ಸವದು ಬೆರಳ ಹೋಗೂವಷ್ಟು ಜಾಗ ಆಗಿತ್ತು, ಎರಡು ವರ್ಷ ನಾವು ಅದರ ಪಕ್ಕದಾಗ ಹುಡುಗ್ರನ್ನ ಮಲಗಿಸಿದ್ವಿ, ಭಾಳ ಕೆಟ್ಟ ಅನಸ್ತು. ಇಂಥ ಕಡೆ ಹಾರ್ಡ್‌ವೇರ್ ಅಂಗಡ್ಯಾಗ ಸಿಗೂ ಫೋಮ್ ಟೇಪ್ ಹಚ್ಚರಿ, ಮೊದ್ಲ ಧೂಳ ಒರಸಿ ಒಣಗಿಸಿ ಆಮ್ಯಾಲ ಹಚ್ಚರಿ, ಇಲ್ಲಂದ್ರ ನಾಕ ದಿನಕ್ಕ ಬಿಚ್ಕೊಂಡ ಬರ್ತೈತಿ. ಬಾಗಲ ಕೆಳಗ ಹಳೆ ಸೀರಿ ಉದ್ದಕ ಸುತ್ತಿ ಅದರಾಗ ಸ್ವಲ್ಪ ಉಸುಕು ತುಂಬಿ ಹೊಲದು ಇಟ್ರ ಜಾಗಾ ಬಿಟ್ಟು ಸರಿಯಂಗಿಲ್ಲ. ಚೌಕಟ್ಟು ಮತ್ತ ಗ್ವಾಡಿ ನಡು ಬಿರುಕಿದ್ರ ಗವಂಡಿಗೆ ಹೇಳಿ ಸಿಮೆಂಟ್ ತುಂಬಸ್ರಿ.

ಒಂದು ಮಾತು ಮರೀಬ್ಯಾಡ್ರಿ. ಸಂದಿ ಮುಚ್ಚಿದ ಖೋಲಿಯೊಳಗ ಇದ್ದಲಿ ಶೇಗಡಿ ಇಟ್ಕೊಂಡು ಮಲಗಬ್ಯಾಡ್ರಿ, ಯಾವ ಕಾರಣಕ್ಕೂ ಬ್ಯಾಡ. ಹೊಗಿ ಕಾಣದಿದ್ರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರ್ತೈತಿ, ಅದಕ್ಕ ಬಣ್ಣಿಲ್ಲ ವಾಸನಿಲ್ಲ, ರಕ್ತದಾಗ ಆಕ್ಸಿಜನ್ ಜಾಗಾ ತಾ ಹಿಡೀತೈತಿ, ನಿದ್ದ್ಯಾಗ ಇದ್ದಾವಂಗ ಗೊತ್ತ ಆಗೂದಿಲ್ಲ. ಸಣ್ಣಾವಿದ್ದಾಗ ನಮ್ಮ ಮನ್ಯಾಗ ಬಾಣಂತಿ ಖೋಲಿಗೆ ಶೇಗಡಿ ಇಟ್ಟು ಬಾಗಲಾ ಹಾಕಿದ್ರು, ಮುಂಜಾನೆ ಅಕ್ಕ ತಲಿ ಸಿಡೀತೈತಿ ಅಂತ ಎದ್ದು ವಾಂತಿ ಮಾಡ್ಕೊಂಡ್ಳು, ಪುಣ್ಯಕ್ಕ ಬೆಳಕಿಂಡಿ ಅರ್ಧ ತೆರೆದಿತ್ತು. ಮೇಲ್ಮುದ್ದಿ, ಅಂದ್ರ ಮಣ್ಣಿನ ಮಾಳಗಿ ಮನಿಯವ್ರು ಥಂಡಿ ಅಂತ ಬೆಳಕಿಂಡಿ ಮ್ಯಾಲ ತಗಡು ಮುಚ್ಚತಾರ, ಒಲಿ ಹಚ್ಚೂ ಮನ್ಯಾಗ ಒಂದಾದ್ರೂ ತೆರೆದಿರಲಿ. ಶೇಗಡಿ ಕಾಯಿಸ್ಕೋಬೇಕಂದ್ರ ಅಂಗಳದಾಗ ಕಾಯಿಸ್ಕೊಳ್ರಿ. ಬಚ್ಚಲದಾಗಿನ ಗ್ಯಾಸ್ ಗೀಜರಿಗೂ ಇದ ಮಾತು, ಅದನ್ನ ಹೊರಗ ಕೂಡಿಸಿ ಬರೇ ಪೈಪ್ ಒಳಗ ತರ್ರಿ.

ಕರೆಂಟ್ ಹೀಟರ್ ಇದ್ರ 2000 ವ್ಯಾಟಿನದು ತಾಸಿಗೆ 2 ಯೂನಿಟ್ ತಿಂತೈತಿ, 16 ಆಂಪ್ಸಿನ ದೊಡ್ಡ ಪ್ಲಗ್ಗಿಗೇ ಹಾಕ್ರಿ, ಎಕ್ಸ್‌ಟೆನ್ಷನ್ ಬೋರ್ಡ್ ಬ್ಯಾಡ, ಅರ್ಧ ತಾಸು ಖೋಲಿ ಬಿಸಿ ಮಾಡಿ ಮಲಗೂ ಮುಂದ ಬಂದ್ ಮಾಡ್ರಿ. ನೀರಿಗೆ ರಾಡ್ ಹಾಕಿದ್ರ ಸ್ವಿಚ್ ಬಂದ್ ಮಾಡಿ ಪ್ಲಗ್ ಕಿತ್ತ ಮ್ಯಾಲನ ನೀರಾಗ ಕೈ ಹಾಕ್ರಿ.

ಪತ್ರಾಸ್ ಮನಿಯವ್ರ ಕಷ್ಟ ಬ್ಯಾರೆ, ತಗಡು ಹೊತ್ತು ಮುಳಗಿದ ಸ್ವಲ್ಪ ಹೊತ್ತಿನ್ಯಾಗ ಥಣ್ಣಗಾಗ್ತೈತಿ, ನಸುಕಿನ್ಯಾಗ ಒಳಗಿಂದ ನೀರ ಹನಿ ಬೀಳ್ತಾವ. ತಗಡಿನ ಕೆಳಗ ಒಂದು ಗೇಣು ಜಾಗ ಬಿಟ್ಟು ಬಿದರಿನ ಚಾಪಿ ಇಲ್ಲಾ ಹಳೆ ಸೀರಿ ಜಗ್ಗಿ ಕಟ್ರಿ, ನಡುವಿನ ಗಾಳಿನ ಥಂಡಿ ತಡೀತೈತಿ. ಒಲಿ ಮ್ಯಾಲಿನ ಜಾಗಾ ಮಾತ್ರ ಬಿಡ್ರಿ, ಬೆಂಕಿ ಹತ್ತೂ ಭಯ.

ಹಾಸಗಿ ವಿಷಯಕ್ಕ ಬಂದ್ರ ನಮ್ಮ ಕಡೆ ನೆಲಕ್ಕ ಶಾಬಾದಿ ಕಲ್ಲಿನ ಪರಸಿ, ಥಂಡಿ ಕೆಳಗಿಂದನ ಏರ್ತೈತಿ. ಮ್ಯಾಲ ಮೂರು ಹೊಚ್ಕೊಂಡು ಕೆಳಗ ಒಂದ ಹಾಸಿದ್ರ ಬೆನ್ನು ಥಣ್ಣಗ ಉಳೀತೈತಿ. ಮೊದ್ಲ ಗೋಣಿ ತಟ್ಟು, ಅದರ ಮ್ಯಾಲ ಚಾಪಿ, ಆಮ್ಯಾಲ ಕೌದಿ. ಅವ್ವ ಹೊಲದ ಕೌದಿ ಇನ್ನೂ ಐತಿ, ಹಳೆ ಸೀರಿ ಧೋತ್ರ ಐದಾರು ಪದರ ಕೂಡಿಸಿ ಒತ್ತೊತ್ತ ಹೊಲಗಿ ಹಾಕ್ಯಾಳ, ಮೂಲಿಗೆ ಇಳಕಲ್ ಸೀರಿ ಸೆರಗಿನ ತುಂಡು. ಹೊಲಗಿ ಬಿಟ್ಟಲ್ಲಿ ಈಗ ಹಾಕ್ರಿ, ಮಧ್ಯಾಹ್ನ ಮಾಳಗಿ ಮ್ಯಾಲ ಎರಡೂ ಮಗ್ಗಲಾ ತಿರುವಿ ಬಿಸಲಿಗೆ ಹಾಕಿ, ನಾಕಕ್ಕೇ ಒಳಗ ತಂದು ಮಡಚಿ ಇಡ್ರಿ, ಹೊತ್ತು ಮುಳಗೂತನ ಬಿಟ್ರ ಮತ್ತ ಥಂಡಿ ಹಿಡೀತೈತಿ. ಕಂಬಳಿಗೂ ಹಿಂಗ ಮಾಡ್ರಿ.

ವಯಸ್ಸಾದವ್ರ ಹಾಸಗಿ ಹೊರಗಿನ ಗ್ವಾಡಿಗೆ ಹತ್ತಿಸಬ್ಯಾಡ್ರಿ, ಒಂದ್ ಫೂಟಾದ್ರೂ ಈಚೆ ತರ್ರಿ. ನಾಕಕ್ಕ ಎದ್ದು ಬಚ್ಚಲಕ್ಕ ಹೋಗೂ ಚಟ ಇರ್ತೈತಿ ಅವ್ರಿಗೆ, ಬರಿಗಾಲಾಗ ಪರಸಿ ಮ್ಯಾಲ ನಡೀತಾರ, ಅದಕ್ಕ ಹಾಸಗಿಯಿಂದ ಬಚ್ಚಲತನ ತಟ್ಟು ಹಾಸಿ, ದಿಂಬಿನ ಹತ್ರ ಶಾಲು ಮತ್ತ ಚಪ್ಪಲಿ ರಾತ್ರಿನ ಇಟ್ಟ ಮಲಗ್ರಿ.